ಬಸ್ ಬರುವವರೆಗೆ ಎಲ್ಲಿ ನಿಲ್ಲುವುದು?

ಈ ಸಲ ನಮ್ಮ ಕಾಲೇಜಿನ ವಿಜ್ಞಾನ ವಸ್ತುಪ್ರದರ್ಶನಕ್ಕೆ ಕೊಟ್ಟ ವಿಷಯ 'ನಾಳೆಯ ನಗರ'. ಥರ್ಮಾಕೋಲಿನ ಹಾರುವ ಕಾರುಗಳು ಮೂರು ಬಂದಿದ್ದವು, ಕಂಬದ ಮೇಲೆ ಓಡುವ ರೈಲು ಎರಡು, ಹೈಪರ್‌ಲೂಪ್ ಒಂದು. ನಾನು ಇಟ್ಟದ್ದು ಒಂದು ಬಸ್ ತಂಗುದಾಣದ ಮಾದರಿ. ನೋಡಿದವರು "ಇದರಾಗ ನಾಳಿದು ಏನೈತಿ?" ಎಂದು ಕೇಳಿ ಮುಂದಿನ ಟೇಬಲ್‌ಗೆ ಹೋದರು. ಬಹುಮಾನ ಬರಲಿಲ್ಲ. ಆ ಹೊಟ್ಟೆಕಿಚ್ಚಿನಿಂದ ಬರೆಯುತ್ತಿದ್ದೇನೆ ಎಂದು ಗೆಳೆಯರು ಹೇಳಬಹುದು, ಸ್ವಲ್ಪ ಮಟ್ಟಿಗೆ ಅದು ನಿಜವೂ ಹೌದು. ಆದರೆ ಅವತ್ತು ಅವರಿಗೆ ಹೇಳಲಾಗದ ಉತ್ತರ ಈಗ ಹೇಳಬೇಕು ಅನಿಸಿದೆ.

ಹೈಪರ್‌ಲೂಪ್ ಮಾಡಿದ ಗೆಳೆಯನ ಶ್ರಮವನ್ನು ನಾನು ಕಡಿಮೆ ಮಾಡುವುದಿಲ್ಲ. ಅವನ ಡಬ್ಬಿ ಪೈಪಿನೊಳಗೆ ನಿಜವಾಗಿಯೂ ಓಡಿತು. ದೊಡ್ಡವರ ಹೈಪರ್‌ಲೂಪಿನ ಕಥೆ ಮಾತ್ರ ಬೇರೆ. 2020ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದವರು ವರ್ಜಿನ್ ಹೈಪರ್‌ಲೂಪ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡರು. ವಿಮಾನ ನಿಲ್ದಾಣದಿಂದ ಊರಿನ ಮಧ್ಯಕ್ಕೆ 10 ನಿಮಿಷದಲ್ಲಿ ಮುಟ್ಟುವುದು ಸಾಧ್ಯವೇ ಎಂದು ಪರೀಕ್ಷಿಸುವ ಒಪ್ಪಂದ ಅದು. 2023 ಮುಗಿಯುವಷ್ಟರಲ್ಲಿ ಆ ಕಂಪನಿಯೇ ಬಾಗಿಲು ಹಾಕಿತು. ಕನಸು ಕಾಣುವುದು ತಪ್ಪಲ್ಲ. ಆದರೆ ಹೊಸ ವಿನ್ಯಾಸ ಎಂದ ಕೂಡಲೇ ನಮಗೆ ವೇಗವೊಂದೇ ಯಾಕೆ ನೆನಪಾಗಬೇಕು?

ನಾನು ದಿನಾ ತಿಕೋಟಾದಿಂದ ಬರುವವನು, ಸುಮಾರು 20 ಕಿಲೋಮೀಟರ್ ದಾರಿ. ಬಸ್ಸಿನೊಳಗೆ ಇರುವ ಹೊತ್ತು ನನಗೆ ಕಷ್ಟ ಅನಿಸಿದ್ದೇ ಇಲ್ಲ, ಸೀಟು ಸಿಗದಿದ್ದರೂ. ಕಷ್ಟ ಇರುವುದು ಬಸ್ಸಿಗಾಗಿ ಕಾಯುವ ಹೊತ್ತಿನಲ್ಲಿ. ಬಬಲೇಶ್ವರದಿಂದ ಬರುವ ಸಹಪಾಠಿಗಳನ್ನು ಕೇಳಿ ನೋಡಿ, ಅವರೂ ಇದನ್ನೇ ಹೇಳುತ್ತಾರೆ.

ನನ್ನ ತಂಗಿ ಈಗ ಎಸ್ಸೆಸ್ಸೆಲ್ಸಿಯಲ್ಲಿದ್ದಾಳೆ. ಅವಳಿಗೆ ಇದೇ ಕಾಲೇಜಿಗೆ ಬಂದು ವಿಜ್ಞಾನ ಓದುವ ಆಸೆ. ಖರ್ಚಿನ ಮಾತು ಮನೆಯಲ್ಲಿ ಬರಲಿಲ್ಲ, ಯಾಕೆಂದರೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಪ್ರಯಾಣ ಉಚಿತ. ಅಮ್ಮಿ ಕೇಳಿದ್ದು ಒಂದೇ ಮಾತು: "ಸಂಜಿಕಿ ಬಸ್ ತಪ್ಪಿದ್ರ ಹುಡುಗಿ ಎಲ್ಲಿ ನಿಂದ್ರಬೇಕು?" ಅಬ್ಬಾ ನನ್ನ ಮುಖ ನೋಡಿದರು. ನಾನು ಸುಮ್ಮನಾದೆ. ನಾನು ನಿಲ್ಲುವ ಜಾಗ ನನಗೆ ಗೊತ್ತಲ್ಲ! ಮೂರು ಕಡೆ ಗೋಡೆ, ಮೇಲೆ ತಲೆಗೆ ತಾಗುವಂಥ ತಗಡು, ಬಾಯಿ ಪಡುವಣಕ್ಕೆ. ಸಂಜೆ ನಾಲ್ಕಕ್ಕೆ ಬಿಸಿಲು ನೇರವಾಗಿ ಒಳಗೆ ಬಂದು ಕೂತಿರುತ್ತದೆ. ಮೂಲೆಯಲ್ಲಿ ಕತ್ತಲು, ಗೋಡೆಗೆ ಗುಟಕಾದ ಕಲೆ. ಹೀಗಾಗಿ ತಂಗುದಾಣ ಖಾಲಿ, ಜನರೆಲ್ಲ ಎದುರಿನ ಬೇವಿನ ಗಿಡದ ಕೆಳಗೆ. ಬಸ್ಸಿನ ಚಾಲಕರೂ ಈಗ ಗಿಡದ ಹತ್ತಿರವೇ ನಿಲ್ಲಿಸುತ್ತಾರೆ.

ಇದೇ ಊರಲ್ಲಿ ಕಾಯುವವರ ಬಗ್ಗೆ ಯೋಚಿಸಿ ಕಟ್ಟಿದವರು ಇದ್ದರು. ತಾಜ್ ಬಾವಡಿಯನ್ನು ನಾವು ಫೋಟೋ ತೆಗೆಯುವ ಜಾಗ ಮಾಡಿಕೊಂಡಿದ್ದೇವೆ. ಎರಡನೇ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ, 1620ರಲ್ಲಿ, ಮಲಿಕ್ ಸಂದಲ್ ಕಟ್ಟಿಸಿದ ಬಾವಿ ಅದು. ಮುಂದಿನ ಸಲ ಹೋದಾಗ ನೀರನ್ನು ಬಿಟ್ಟು ಅದರ ಎರಡೂ ಪಕ್ಕ ನೋಡಿ. ಅಲ್ಲಿ ದಾರಿಹೋಕರು ತಂಗಲು ಕೋಣೆಗಳಿವೆ. ದಣಿದು ಬಂದವನಿಗೆ ನೀರು, ನೆರಳು, ಕೂರುವ ಜಾಗ ಮೂರೂ ಒಂದೇ ಕಡೆ ಸಿಗಬೇಕು ಎನ್ನುವ ಲೆಕ್ಕ 400 ವರ್ಷದ ಹಿಂದೆಯೇ ಯಾರಿಗೋ ಹೊಳೆದಿತ್ತು.

ಅವರ ಬುದ್ಧಿವಂತಿಕೆ ಇನ್ನೂ ಚೆನ್ನಾಗಿ ಕಾಣುವುದು ನಮ್ಮ ಬಸ್ಸಿನ ದಾರಿಯಲ್ಲಿಯೇ ಸಿಗುವ ತೊರವಿಯಲ್ಲಿ. ಅಲ್ಲಿಂದ ನೆಲದೊಳಗಿನ ಸುರಂಗದಲ್ಲಿ ನೀರು ನಗರಕ್ಕೆ ಬರುತ್ತಿತ್ತು. ಪಂಪ್ ಇಲ್ಲ, ಕರೆಂಟ್ ಇಲ್ಲ, ಇಳಿಜಾರು ಒಂದೇ. ಮೇಲಿನಿಂದ ಗಾಳಿ ಬೆಳಕು ಬಿಡಲು, ಇಳಿದು ಹೂಳು ತೆಗೆಯಲು ಅಲ್ಲಲ್ಲಿ ಬಾವಿಯಂಥ ರಂಧ್ರಗಳು. ಊರೊಳಗೆ ಮಣ್ಣಿನ ಕೊಳವೆಗಳು, ಸುತ್ತ ಗಾರೆ ಕಲ್ಲಿನ ಕವಚ. ಮಣ್ಣಿನ ಕೊಳವೆಯಲ್ಲಿ ನೀರಿನ ಒತ್ತಡ ಹೆಚ್ಚಾದರೆ ಏನಾಗುತ್ತದೆ ಎಂದು ಪ್ರಥಮ ಪಿಯುಸಿಯವರೂ ಹೇಳಬಲ್ಲರು. ಅದಕ್ಕೇ ದಾರಿಯುದ್ದಕ್ಕೂ ಗಂಜ್ ಕಟ್ಟಿದರು. ನೀರು ಗೋಪುರದೊಳಗೆ ಏರಿ, ಮೇಲಿನ ತೊಟ್ಟಿಯಲ್ಲಿ ಒತ್ತಡ ಕಳೆದುಕೊಂಡು, ಕೆಸರನ್ನು ಅಲ್ಲೇ ಬಿಟ್ಟು ಮುಂದಿನ ಕೊಳವೆಗೆ ಇಳಿಯುತ್ತಿತ್ತು. ಅಂಥ ಗಂಜ್‌ಗಳು ಈಗಲೂ ನಗರದಲ್ಲಿ ನಿಂತಿವೆ. ಅವುಗಳ ಪಕ್ಕದಲ್ಲೇ ನಾವು ದಿನಾ ಚಹಾ ಕುಡಿಯುತ್ತೇವೆ, ತಲೆ ಎತ್ತುವುದಿಲ್ಲ. ಹೊರಗಿನವರು ಎತ್ತಿದರು: ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ತನ್ನ 2020ರ ಕಾಳಜಿಯ ಪಟ್ಟಿಯಲ್ಲಿ ದಖ್ಖನಿನ ಹಳೆಯ ನೀರಿನ ವ್ಯವಸ್ಥೆಗಳನ್ನು ಸೇರಿಸಿತು.

ಹಳೆಯದೆಲ್ಲ ಚಿನ್ನ ಎಂದು ನಾನು ವಾದಿಸುತ್ತಿಲ್ಲ. ನೋಡಿಕೊಳ್ಳುವವರು ಇಲ್ಲವಾದಾಗ ಆ ಕೊಳವೆಗಳೂ ಕಟ್ಟಿಕೊಂಡವು, ಬಾವಿಗಳಲ್ಲಿ ಕಸ ತುಂಬಿತು. ಅವರು ಕೈಗೆ ಸಿಕ್ಕ ವಸ್ತುವಿನಿಂದ, ಈ ನೆಲದ ಇಳಿಜಾರು ಮತ್ತು ಬಿಸಿಲು ತಿಳಿದುಕೊಂಡು ಕಟ್ಟಿದರು. ಹಾಗಾದರೆ ಇವತ್ತು ನಮ್ಮ ಕೈಗೆ ಸಿಗುವ ವಸ್ತು ಯಾವುದು?

ನನ್ನ ಉತ್ತರ: ಮಣೂಕ ಶೆಡ್.

ತಿಕೋಟಾ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ದ್ರಾಕ್ಷಿ ನೇರ ಬಿಸಿಲಿಗೆ ಬಿದ್ದರೆ ಮಣೂಕದ ಬಣ್ಣ ಕೆಡುತ್ತದೆ. ನೆರಳಿನಲ್ಲಿ, ಗಾಳಿಯಲ್ಲಿ ಒಣಗಬೇಕು. ಅದಕ್ಕೆ ಉದ್ದನೆಯ ಶೆಡ್, ಒಳಗೆ ಜಾಳಿಗೆಯ ಅಂತಸ್ತುಗಳು, ಪಕ್ಕಗಳಲ್ಲಿ ಗೋಡೆಯ ಬದಲು ಹಸಿರು ಶೇಡ್ ನೆಟ್. ಬಿಸಿಲು ಬಂದ ಕಡೆ ನೆಟ್ ಇಳಿಬಿಡುತ್ತಾರೆ, ಗಾಳಿ ಬರುವ ಕಡೆ ಸುತ್ತಿ ಮೇಲೆ ಕಟ್ಟುತ್ತಾರೆ. ಮೇಲೆ ತಗಡೇ ಇದ್ದರೂ ಅದು ಎತ್ತರದಲ್ಲಿರುತ್ತದೆ, ಕಾದ ಗಾಳಿ ಒಳಗೆ ನಿಲ್ಲುವುದಿಲ್ಲ. ಅಬ್ಬಾ ಹಂಗಾಮಿನಲ್ಲಿ ಅಂಥ ಶೆಡ್‌ನಲ್ಲಿ ಕೆಲಸಕ್ಕೆ ಹೋಗುತ್ತಾರೆ. ಏಪ್ರಿಲ್ ಮಧ್ಯಾಹ್ನ ಬುತ್ತಿ ಕೊಡಲು ಹೋದಾಗಲೆಲ್ಲ ನನಗೆ ಅನಿಸುವುದು, ನಮ್ಮೂರಿನಲ್ಲಿ ದ್ರಾಕ್ಷಿಗೆ ಇರುವ ಮರ್ಯಾದೆ ಬಸ್ ಕಾಯುವವರಿಗೆ ಇಲ್ಲವಲ್ಲ!

ನನ್ನ ಮಾದರಿ ಅದೇ ಆಗಿತ್ತು. ನಾಲ್ಕು ಪೈಪ್ ಕಂಬ, ಎತ್ತರದ ಮಾಡು, ಪಡುವಣಕ್ಕೆ ಇಳಿಬಿಡುವ ನೆಟ್, ಸುತ್ತ ತೆರೆದ ಕಟ್ಟೆ. ಒಳಗಿರುವವರು ರಸ್ತೆಗೆ ಕಾಣಬೇಕು, ರಸ್ತೆ ಅವರಿಗೆ ಕಾಣಬೇಕು. ಅಮ್ಮಿಯ ಪ್ರಶ್ನೆಗೆ ಅರ್ಧ ಉತ್ತರ ಅದರಲ್ಲೇ ಇದೆ. ಉಳಿದರ್ಧಕ್ಕೆ ಒಂದು ಸೋಲಾರ್ ದೀಪ, ಮತ್ತು ಬಸ್ಸಿನ ವೇಳೆ ದೊಡ್ಡ ಅಕ್ಷರದಲ್ಲಿ ಬರೆದ ಹಲಗೆ. ಒಂದು ಮೂಲೆಯಲ್ಲಿ ಹರವಿ ಇಟ್ಟರೆ ಅರವಟ್ಟಿಗೆಯೂ ಆಯಿತು. ಬೇವಿನ ಗಿಡವನ್ನು ಮಾತ್ರ ಯಾರೂ ಮುಟ್ಟಬಾರದು, ತಂಗುದಾಣವೇ ಅದರ ಹತ್ತಿರ ಹೋಗಲಿ.

ಇದನ್ನು ಇಡೀ ಜಿಲ್ಲೆಗೆ ಮಾಡಿ ಎಂದು ಅರ್ಜಿ ಬರೆಯುವ ಮೊದಲು ನಮ್ಮ ಗೇಟಿನ ಮುಂದೆ ಒಂದು ಕಟ್ಟಿ ನೋಡೋಣ ಎನ್ನುವುದು ನನ್ನ ಕೋರಿಕೆ. ಭೌತಶಾಸ್ತ್ರದ ಸರ್ ಎರಡು ಥರ್ಮಾಮೀಟರ್ ಕೊಟ್ಟರೆ, ಒಂದನ್ನು ತಗಡಿನ ತಂಗುದಾಣದಲ್ಲಿ, ಇನ್ನೊಂದನ್ನು ನಮ್ಮ ನೆಟ್ಟಿನ ಕೆಳಗೆ ಇಟ್ಟು ವಾರವಿಡೀ ಬರೆದಿಡಬಹುದು. ವ್ಯತ್ಯಾಸ ಬರದಿದ್ದರೆ ನಾನೇ ಬಿಚ್ಚುತ್ತೇನೆ. ಹಂಗಾಮು ಮುಗಿದ ಮೇಲೆ ಬದಲಾಯಿಸುವ ಹಳೆಯ ನೆಟ್ ಕೊಡಲು ಅಬ್ಬಾ ಕೆಲಸ ಮಾಡುವ ತೋಟದವರು ಒಪ್ಪಿದ್ದಾರೆ. ಜಾಗಕ್ಕೆ ಪ್ರಾಂಶುಪಾಲರು ನಗರದ ಕಚೇರಿಗೆ ಒಂದು ಪತ್ರ ಬರೆಯಬೇಕು. ಬೆಸುಗೆ ಗೊತ್ತಿರುವ ಅಣ್ಣ ಅಥವಾ ಮಾಮಾ ನಿಮ್ಮಲ್ಲಿ ಯಾರಿಗಾದರೂ ಇದ್ದರೆ ನನಗೆ ತಿಳಿಸಿ, ದ್ವಿತೀಯ ಪಿಯುಸಿ ವಿಜ್ಞಾನದ ಕೊನೆಯ ಬೆಂಚಿನಲ್ಲಿ ಸಿಗುತ್ತೇನೆ. ತಂಗಿಯ ಅರ್ಜಿ ತುಂಬುವ ದಿನ ಇನ್ನೂ ದೂರ ಇದೆ.