ವಸ್ತು ನಮ್ಮದು, ಬೀಗದ ಕೈ ಪರರದು

ಗುಬ್ಬಿ ಎಂದೊಡನೆ ನಮ್ಮ ವಾಚಕರಲ್ಲಿ ಹಿರಿಯರಾದವರಿಗೆ 1884ರಲ್ಲಿ ಹುಟ್ಟಿದ ನಾಟಕ ಕಂಪೆನಿಯೂ, ಅದನ್ನು ನಾಡಿನಲ್ಲೆಲ್ಲ ಪ್ರಸಿದ್ಧಿಗೆ ತಂದ ವೀರಣ್ಣನವರೂ ನೆನಪಿಗೆ ಬರುವುದು ಸಹಜ. ಎಂತಹ ನಟರು ವೇಷ ಕಟ್ಟಿ ನಿಂತಿದ್ದರೇನು, ಪರದೆಯೇ ಏಳದಿದ್ದರೆ ಸಭಿಕರಿಗೆ ನಾಟಕವೆಲ್ಲಿಯದು? ಕಳೆದ ತಿಂಗಳು ಆ ಊರಿನಲ್ಲಿರುವ ನಮ್ಮ ಅಕ್ಕನವರ ಮನೆಗೆ ಹೋಗಿದ್ದಾಗ, ಪರದೆ ಏಳದ ಕಂಪ್ಯೂಟರೊಂದರ ಪ್ರಸಂಗವನ್ನು ಕಣ್ಣಾರೆ ಕಂಡೆವು. ಗೃಹಸ್ಥರಾದ ವಾಚಕರಿಗೆ ಉಪಯೋಗವಾದೀತೆಂದು ಈ ತಿಂಗಳು ಅದನ್ನೇ ಬರೆಯುತ್ತಿದ್ದೇವೆ.

ಅಕ್ಕನವರ ಮಗಳು ತುಮಕೂರಿನ ಕಾಲೇಜೊಂದರಲ್ಲಿ ಇಂಜಿನಿಯರಿಂಗ್ ಕಡೆಯ ವರ್ಷದಲ್ಲಿ ಓದುತ್ತಿರುವಳು. ದಿನವೂ ರೈಲಿನಲ್ಲಿ ಹೋಗಿಬರುವಳು. ಮೂರು ಆಯಾಮದ ನಕ್ಷೆಗಳನ್ನು ಬರೆಯುವುದಕ್ಕೆ ಬೇಕೆಂದು ಭಾವನವರು ಬೆಂಗಳೂರಿನ ಎಸ್. ಪಿ. ರಸ್ತೆಯಲ್ಲಿ ಹಳೆಯ ಯಂತ್ರವೊಂದನ್ನು ಕೊಂಡು, ಅದಕ್ಕೆ ಬೇರೆಯಾಗಿ ಹಣ ತೆತ್ತು ಗ್ರಾಫಿಕ್ಸ್ ಕಾರ್ಡು ಹಾಕಿಸಿ ತಂದಿದ್ದರು. ಯಂತ್ರವನ್ನು ನಡೆಸುವ ವ್ಯವಸ್ಥೆಯನ್ನು ಮಾತ್ರ ಹುಡುಗಿಯೇ ಆರಿಸಿದ್ದಳು. ಅದು ಲಿನಕ್ಸ್ ವರ್ಗಕ್ಕೆ ಸೇರಿದ ಮುಕ್ತ ವ್ಯವಸ್ಥೆ, ಅದಕ್ಕೆ ಬೆಲೆಯಿಲ್ಲ. ನಾವು ಹೋದ ಹಿಂದಿನ ರಾತ್ರಿ ಅವಳು ವಾಡಿಕೆಯಂತೆ ಅಪ್‌ಡೇಟ್ ಮಾಡಿ ಮಲಗಿದ್ದಳಂತೆ. ಬೆಳಿಗ್ಗೆ ಗುಂಡಿ ಒತ್ತಿದರೆ ಫ್ಯಾನು ತಿರುಗುವುದು, ದೀಪ ಉರಿಯುವುದು, ಪರದೆ ಮಾತ್ರ ಕಾಡಿಗೆಯಂತೆ ಕಪ್ಪು. ಎರಡು ದಿನಗಳಲ್ಲಿ ಒಪ್ಪಿಸಬೇಕಾಗಿದ್ದ ಸೇತುವೆಯ ನಕ್ಷೆಯೆಲ್ಲವೂ ಅದರೊಳಗೇ ಇದ್ದಿತು. ಹುಡುಗಿ ತಿಂಡಿಯನ್ನೂ ಬಿಟ್ಟು ಅದರ ಮುಂದೆ ಕುಳಿತಿದ್ದಳು.

ಭಾವನವರಿಗೆ ಸಿಟ್ಟು ಬಂದಿತು. “ಪುಕ್ಕಟೆ ಬಂದದ್ದರ ಹಣೆಬರಹವೇ ಇಷ್ಟು. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ. ಈಗ ಯಾರನ್ನು ಕೇಳುತ್ತೀ?” ಎಂದರು.

ಹುಡುಗಿ ತಲೆಯೆತ್ತಿ, “ಅಪ್ಪ, ಧರ್ಮಕ್ಕೆ ಬಂದ ಭಾಗ ಕೆಟ್ಟಿಲ್ಲ. ನೀವು ದುಡ್ಡು ಕೊಟ್ಟು ತಂದಿರಲ್ಲ, ಆ ಕಾರ್ಡಿನವರ ಡ್ರೈವರು ಕೈಕೊಟ್ಟಿದೆ. ಮಾವನ ಮುಂದೆಯೇ ತೋರಿಸುತ್ತೇನೆ” ಎಂದಳು.

ಡ್ರೈವರೆಂದರೇನು? ಯಂತ್ರದ ಒಂದೊಂದು ಅಂಗಕ್ಕೂ ವ್ಯವಸ್ಥೆಯ ಅಪ್ಪಣೆಯನ್ನು ಆ ಅಂಗಕ್ಕೆ ತಿಳಿಯುವ ಮಾತಿನಲ್ಲಿ ಮುಟ್ಟಿಸುವ ತಂತ್ರಾಂಶಕ್ಕೆ ಆ ಹೆಸರು. ಕುಣಿಗಲಿನ ದೊಡ್ಡ ಕೆರೆಯನ್ನು ಬಲ್ಲವರಿಗೆ ಇದನ್ನು ಸುಲಭವಾಗಿ ಹೇಳಬಹುದು. ಕೆರೆ ಕೋಡಿ ಬೀಳುವಷ್ಟು ತುಂಬಿದ್ದರೂ, ನೀರುಗಂಟಿ ಬಂದು ತೂಬನ್ನು ಎತ್ತಿದ ಹೊರತು ಗದ್ದೆಗೆ ನೀರು ಹರಿಯದು. ವ್ಯವಸ್ಥೆಯ ನಡುಮಧ್ಯದಲ್ಲಿರುವ ಕರ್ನೆಲ್ ಎಂಬುದು ಕೆರೆ, ಡ್ರೈವರು ನೀರುಗಂಟಿ, ಪರದೆಯು ಗದ್ದೆ. ಲಿನಕ್ಸಿನಲ್ಲಿ ಬಹುಪಾಲು ನೀರುಗಂಟಿಗಳು ಊರಿನವರೇ. ಎಂದರೆ, ಅವುಗಳ ಮೂಲ ಬರಹವು ಎಲ್ಲರೂ ಓದಿ ತಿದ್ದುವಂತೆ ಕರ್ನೆಲ್ಲಿನೊಡನೆಯೇ ಇರುವುದು. ಗುಟ್ಟಿನ ಡ್ರೈವರಾದರೋ ಪರಸ್ಥಳದ ನೀರುಗಂಟಿಯಂತೆ. ಅವನು ತೂಬಿಗೆ ತನ್ನ ಬೀಗವನ್ನೇ ಹಾಕಿಕೊಂಡಿರುವನು.

1991ರಲ್ಲಿ ಫಿನ್ಲೆಂಡ್ ದೇಶದ ಲಿನಸ್ ಟೋರ್ವಾಲ್ಡ್ಸ್ ಎಂಬ ವಿದ್ಯಾರ್ಥಿಯು ಆರಂಭಿಸಿದ ಈ ಕರ್ನೆಲ್ಲು ಈಗ ಸುಮಾರು ಒಂಬತ್ತು ಹತ್ತು ವಾರಗಳಿಗೊಮ್ಮೆ ಹೊಸ ಆವೃತ್ತಿಯನ್ನು ಕಾಣುತ್ತಿದೆ. ಅದರ ಒಳಗಿನ ಏರ್ಪಾಡುಗಳು ಆಗಾಗ್ಗೆ ಬದಲಾಗುವುವು. ಹೀಗೆ ಬದಲಾಯಿಸುವವರು ಜತೆಯಲ್ಲಿರುವ ಮುಕ್ತ ಡ್ರೈವರುಗಳನ್ನೂ ಅದೇ ಸಮಯದಲ್ಲಿ ಸರಿಪಡಿಸಿಬಿಡುವರು. ಹೊರಗಿರುವ ಡ್ರೈವರನ್ನು ಅವರು ಮುಟ್ಟುವಂತಿಲ್ಲ. ಅದರ ಮಾಲೀಕರು ಸರಿಪಡಿಸುವವರೆಗೂ ಕಾದಿರಬೇಕು. ಅಷ್ಟರಲ್ಲಿ ಹೊಸ ಕರ್ನೆಲ್ಲು ಮನೆಗೆ ಬಂದರೆ ಎರಡಕ್ಕೂ ಮೇಳ ತಪ್ಪುವುದುಂಟು. ಇಷ್ಟು ಸಾಲದೆಂಬಂತೆ, ಸೆಕ್ಯೂರ್ ಬೂಟ್ ಎಂಬ ಕಾವಲುಳ್ಳ ಯಂತ್ರಗಳಲ್ಲಿ ಸರಿಯಾದ ಸಹಿಯಿಲ್ಲದ ಡ್ರೈವರನ್ನು ಬಾಗಿಲಲ್ಲಿಯೇ ತಡೆಯುವರು.

ಹುಡುಗಿಯು ತೋರಿಸಿದ್ದು ಇದನ್ನೇ. ಯಂತ್ರ ಏಳುವಾಗ ಒಂದು ಕೀಲಿಯನ್ನು ಒತ್ತಿ ಹಿಡಿದಳು, ಪಟ್ಟಿಯೊಂದು ಬಂದಿತು. ಅದರಲ್ಲಿ ಹಿಂದಿನ ಕರ್ನೆಲ್ಲನ್ನು ಆರಿಸಿದೊಡನೆ ಪರದೆ ಬೆಳಗಿ ಸೇತುವೆಯ ನಕ್ಷೆ ಕಾಣಿಸಿತು. ಅಕ್ಕನವರು ಒಳಗಿನಿಂದ ದೋಸೆಯ ತಟ್ಟೆಯನ್ನು ತಂದು ಅವಳ ಮುಂದಿಟ್ಟರು.

ಈ ವ್ಯಾಜ್ಯ ಇಂದಿನದಲ್ಲ. ಮುಕ್ತ ತಂತ್ರಾಂಶದ ಚಳವಳಿಯ ಹುಟ್ಟಿನಲ್ಲಿಯೇ ಇಂತಹ ಒಂದು ಬೀಗದ ಕಥೆಯುಂಟು. ಅಮೆರಿಕದ ರಿಚರ್ಡ್ ಸ್ಟಾಲ್ಮನ್ ಅವರು ತಾವೇ ಹೇಳಿಕೊಂಡಿರುವಂತೆ, 1980ರ ಸುಮಾರಿನಲ್ಲಿ ಅವರ ಪ್ರಯೋಗಶಾಲೆಗೆ ಬಂದ ಮುದ್ರಣಯಂತ್ರವೊಂದು ಪದೇ ಪದೇ ಕಾಗದ ಸಿಕ್ಕಿಕೊಂಡು ನಿಲ್ಲುತ್ತಿತ್ತು. ನಿಂತೊಡನೆ ಎಲ್ಲರಿಗೂ ಸುದ್ದಿ ಮುಟ್ಟುವಂತೆ ಮಾಡೋಣವೆಂದು ಅವರು ಅದರ ಮೂಲ ಬರಹವನ್ನು ಕೇಳಿದರೆ, ಗುಟ್ಟನ್ನು ಕಾಯುವ ಮಾತು ಕೊಟ್ಟಿರುವುದಾಗಿ ಹೇಳಿ ಅದನ್ನು ನಿರಾಕರಿಸಿದರು. 1983ರಲ್ಲಿ ಅವರು ಗ್ನೂ ಎಂಬ ಮುಕ್ತ ವ್ಯವಸ್ಥೆಯ ಸಂಕಲ್ಪವನ್ನು ಪ್ರಕಟಿಸಿದುದರ ಹಿಂದೆ ಈ ಕಹಿಯೂ ಇದ್ದಿತು.

ಗ್ರಾಫಿಕ್ಸ್ ಕಾರ್ಡುಗಳ ವಿಷಯದಲ್ಲಿ ಕಂಪೆನಿಗಳ ನಡತೆ ಒಂದೇ ತೆರನಾಗಿಲ್ಲ. ಇಂಟೆಲ್ ಕಂಪೆನಿಯು ತನ್ನವರಿಂದಲೇ ಮುಕ್ತ ಡ್ರೈವರುಗಳನ್ನು ಬರೆಯಿಸುತ್ತಿದೆ. ಎಎಂಡಿಯು 2007ರಿಂದ ತನ್ನ ಕಾರ್ಡುಗಳ ವಿವರಗಳನ್ನು ಪ್ರಕಟಿಸತೊಡಗಿತು. ಎನ್‌ವಿಡಿಯಾ ಕಂಪೆನಿಯು ಮಾತ್ರ ಬಹುಕಾಲ ಗುಟ್ಟನ್ನು ಬಿಡಲಿಲ್ಲ. 2012ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾನಿಲಯದ ಸಭೆಯಲ್ಲಿ ಟೋರ್ವಾಲ್ಡ್ಸರು ಅದನ್ನು ಕುರಿತು ಆಡಿದ ಬಿರುನುಡಿಯನ್ನು ಮನೆಯವರು ಓದುವ ಈ ಪತ್ರಿಕೆಯಲ್ಲಿ ಅಚ್ಚು ಹಾಕಿಸಲಾರೆವು! ಕೆಲವು ಸ್ವಯಂಸೇವಕರು ಕಾರ್ಡುಗಳನ್ನು ಹೊರಗಿನಿಂದಲೇ ಪರೀಕ್ಷಿಸಿ ‘ನೂವೋ’ ಎಂಬ ಮುಕ್ತ ಡ್ರೈವರನ್ನು ಕಟ್ಟಿದರು; 2010ರಲ್ಲಿ ಅದು ಕರ್ನೆಲ್ಲಿಗೆ ಸೇರಿತು. ಆದರೆ 2014ರ ಈಚೆಗೆ ಬಂದ ಅನೇಕ ಕಾರ್ಡುಗಳು ಕಂಪೆನಿಯ ಸಹಿಯಿಲ್ಲದ ಫರ್ಮ್‌ವೇರನ್ನು ಒಪ್ಪದ ಕಾರಣ, ಕಾರ್ಡಿನ ಪೂರ್ಣ ವೇಗವನ್ನು ಹೊರತರಲಾರದೆ ಅವರು ಬಹುಕಾಲ ತೊಳಲಿದರು. ಕಡೆಗೆ 2022ರ ಮೇ ತಿಂಗಳಲ್ಲಿ ಆ ಕಂಪೆನಿಯು ತನ್ನ ಈಚಿನ ಕಾರ್ಡುಗಳಿಗಾಗಿ ಕರ್ನೆಲ್ಲಿಗೆ ಸಂಬಂಧಿಸಿದ ಭಾಗವನ್ನು ಬಿಚ್ಚಿಕೊಟ್ಟಿತು. ಬೀಗ ಅರ್ಧ ತೆಗೆದಂತಾಯಿತು. ಉಳಿದ ಭಾಗ ಗುಟ್ಟಾಗಿಯೇ ಇದೆ.

ಗುಟ್ಟು ಕಾಯುವವರ ಪಕ್ಷವನ್ನೂ ಹೇಳುವುದು ನ್ಯಾಯ. ತಮ್ಮ ಜಾಣ್ಮೆಯನ್ನು ಪ್ರತಿಸ್ಪರ್ಧಿಗಳು ಕದಿಯದಿರಲೆಂಬುದು ಅವರ ಭಯ. ಬೇರೆಯವರಿಂದ ಕರಾರಿನ ಮೇಲೆ ಪಡೆದ ಬರಹವನ್ನು ಹಂಚಲು ಅವರಿಗೆ ಅಧಿಕಾರವೂ ಇರದು. ಇದೆಲ್ಲ ನಿಜವಿರಬಹುದು. ಆದರೆ ಹಣ ಕೊಟ್ಟವನ ಮನೆಯಲ್ಲಿ ಪರದೆ ಕಪ್ಪಾದಾಗ, ತಿಳಿದವರು ನೆರೆಯಲ್ಲಿಯೇ ಇದ್ದರೂ ಕೈ ಹಾಕಲಾಗದಂತಹ ಸ್ಥಿತಿಯು ಯಾವ ಗೃಹಸ್ಥನಿಗೆ ಹಿತವಾದೀತು?

ಇನ್ನೊಂದು ಬಗೆಯ ಕಷ್ಟವನ್ನು ಕುಣಿಗಲಿನ ನಮ್ಮ ಮಿತ್ರರಲ್ಲಿ ಕಂಡೆವು. ನಿವೃತ್ತ ಉಪಾಧ್ಯಾಯರಾದ ಅವರ ಯಂತ್ರದ ಕಾರ್ಡು ಸುಟ್ಟಿಲ್ಲ, ಸವೆದಿಲ್ಲ. ಆದರೆ ಅಷ್ಟು ಹಳೆಯ ಕಾರ್ಡಿಗೆ ಇನ್ನು ಹೊಸ ಡ್ರೈವರು ಕೊಡುವುದಿಲ್ಲವೆಂದು ಮಾಡಿದವರು ಸಾರಿಬಿಟ್ಟರು. ನಮ್ಮ ಅಜ್ಜನ ಕಾಲದ ಹಿತ್ತಾಳೆಯ ಹಂಡೆಗೆ ಇಂತಿಷ್ಟು ವರ್ಷವೆಂದು ಆಯುಸ್ಸು ಬರೆದವರುಂಟೆ? ಮಿತ್ರರು ಧೃತಿಗೆಡದೆ ಸ್ವಯಂಸೇವಕರ ಮುಕ್ತ ಡ್ರೈವರನ್ನು ಹಾಕಿಸಿಕೊಂಡರು. ಪತ್ರ, ಲೆಕ್ಕ, ಓದು ಎಲ್ಲವೂ ಸಾಂಗವಾಗಿ ನಡೆಯುತ್ತಿದೆ. ಆಟಗಳು ನಿಧಾನವೆಂದು ಮೊಮ್ಮಗನು ಮಾತ್ರ ಮುಖ ಊದಿಸಿಕೊಂಡಿರುವನು.

ಹಾಗಾದರೆ ಮುಕ್ತ ವ್ಯವಸ್ಥೆಯ ಸಹವಾಸವೇ ಬೇಡವೆನ್ನೋಣವೇ? ಅದು ಸರಿಯಲ್ಲ. ಕೇರಳದ ಶಾಲೆಗಳಲ್ಲಿ ವರ್ಷಗಳಿಂದ ಇಂತಹ ವ್ಯವಸ್ಥೆಯಲ್ಲಿಯೇ ಪಾಠ ನಡೆಯುತ್ತಿದ್ದು, ಕಾಸರಗೋಡಿನ ನಮ್ಮ ಕನ್ನಡ ಮಕ್ಕಳೂ ಅದರಲ್ಲಿಯೇ ಕಲಿಯುತ್ತಿರುವರು. ಬೇಕಾದುದು ಕೊಳ್ಳುವಾಗಿನ ಎಚ್ಚರ. ಆದುದರಿಂದ ವಾಚಕರಲ್ಲಿ ಕೆಲವು ಮಾತುಗಳನ್ನು ವಿಜ್ಞಾಪಿಸುತ್ತೇವೆ. ಮೊದಲನೆಯದಾಗಿ, ಅಂಗಡಿಯಲ್ಲಿ ಬೆಲೆಯನ್ನು ಕೇಳುವ ಮುಂಚೆ ಗ್ರಾಫಿಕ್ಸಿಗೆ ಮುಕ್ತ ಡ್ರೈವರು ಇದೆಯೇ ಎಂದು ವಿಚಾರಿಸಿರಿ. ಬರೆಯುವುದು, ಓದುವುದು, ಚಲನಚಿತ್ರ ನೋಡುವುದು ಇಷ್ಟೇ ಆದರೆ ಬೇರೆ ಕಾರ್ಡಿನ ಅಗತ್ಯವೇ ಇಲ್ಲ. ಪ್ರೊಸೆಸರಿನೊಡನೆ ಬರುವುದೇ ಸಾಕು. ಎರಡನೆಯದಾಗಿ, ಗುಟ್ಟಿನ ಡ್ರೈವರೇ ಬೇಕಾದರೆ ಅದನ್ನು ನಿಮ್ಮ ವ್ಯವಸ್ಥೆಯವರ ಭಂಡಾರದಿಂದಲೇ ತೆಗೆದುಕೊಳ್ಳಿರಿ. ಅಲ್ಲಿ ಅದನ್ನು ಕರ್ನೆಲ್ಲಿಗೆ ಹೊಂದಿಸಿ ಇಟ್ಟಿರುವರು. ಮೂರನೆಯದಾಗಿ, ಹಳೆಯ ಕರ್ನೆಲ್ಲೊಂದನ್ನು ಅಳಿಸದೆ ಉಳಿಸಿಕೊಂಡು, ಅದನ್ನು ಆರಿಸುವ ಬಗೆಯನ್ನು ಮನೆಯಲ್ಲಿ ಇಬ್ಬರಾದರೂ ಕಲಿತಿರಲಿ. ನಾಲ್ಕನೆಯದಾಗಿ, ಪರೀಕ್ಷೆ, ಅರ್ಜಿಯ ಗಡುವು, ಮದುವೆಯ ಲಗ್ನಪತ್ರಿಕೆ ಇಂತಹ ಕಾರ್ಯಗಳ ಹಿಂದಿನ ರಾತ್ರಿ ಅಪ್‌ಡೇಟ್ ಮಾಡಬೇಡಿರಿ. ಮುಖ್ಯವಾದ ಕಡತಗಳ ಪ್ರತಿಯೊಂದು ಬೇರೆ ಕಡೆ ಇರಲಿ.

ಹುಡುಗಿಯ ನಕ್ಷೆ ಹೇಳಿದ ದಿನಕ್ಕೆ ಒಪ್ಪಿಸಲ್ಪಟ್ಟಿತು. ಅಂದು ಸಂಜೆ ಭಾವನವರು ತಮ್ಮ ತೆಂಗಿನಕಾಯಿಯ ಲೆಕ್ಕದ ಪುಸ್ತಕವನ್ನು ಮುಚ್ಚಿಟ್ಟು, “ಒಂದು ತೋಟ ಕೊಳ್ಳುವಾಗ ಬಾವಿಗೆ ದಾರಿ ಯಾರ ಹೊಲದ ಮೇಲಿದೆ ಎಂದು ಮೊದಲು ನೋಡುತ್ತೇವೆ. ಇದನ್ನು ಕೊಳ್ಳುವಾಗ ನೋಡಲಿಲ್ಲ. ಇನ್ನೊಮ್ಮೆ ಎಸ್. ಪಿ. ರಸ್ತೆಗೆ ಹೋದರೆ ನಿನ್ನನ್ನೂ ಕರೆದುಕೊಂಡು ಹೋಗುತ್ತೇನಮ್ಮ” ಎಂದರು. ಕ್ರಯಪತ್ರವು ನಮ್ಮ ಹೆಸರಿನಲ್ಲಿದ್ದ ಮಾತ್ರಕ್ಕೆ ವಸ್ತುವು ಪೂರ್ತಿಯಾಗಿ ನಮ್ಮದಾಗಲಿಲ್ಲವೆಂಬುದನ್ನು ಹೊಲದ ದಾರಿಯ ವಿಷಯದಲ್ಲಿ ನಮ್ಮ ಹಿರಿಯರು ಚೆನ್ನಾಗಿ ಅರಿತಿದ್ದರು. ಕಂಪ್ಯೂಟರಿನ ವಿಷಯದಲ್ಲಿ ಅದನ್ನು ನಾವು ಮಕ್ಕಳಿಂದ ಕಲಿಯಬೇಕಾಗಿದೆ.