ಮರಳಿ ಬಂದವರಿಗೆ ಇಬ್ಬರು ಸಾಕ್ಷಿಗಳು

ಅರಸೀಕೆರೆ ಜಂಕ್ಷನ್‌ನಲ್ಲಿ ಇಳಿಯುವವರಲ್ಲಿ ಹಾಸನದ ಕಡೆಗೆ ಗಾಡಿ ಬದಲಿಸುವವರಿದ್ದಾರೆ, ಹಳೇಬೀಡು-ಬೇಲೂರುಗಳಿಗೆ ಹೊರಟ ಪ್ರವಾಸಿಗರಿದ್ದಾರೆ. ಈಚಿನ ವರ್ಷಗಳಲ್ಲಿ ಮೂರನೆಯ ಬಗೆಯವರನ್ನೂ ಕಾಣುತ್ತಿದ್ದೇನೆ. ಇಪ್ಪತ್ತೈದು, ಮೂವತ್ತು ವರ್ಷ ಅಮೆರಿಕದಲ್ಲೋ ಕೊಲ್ಲಿ ರಾಷ್ಟ್ರಗಳಲ್ಲೋ ದುಡಿದು, ಉಳಿದ ಆಯುಷ್ಯವನ್ನು ಹುಟ್ಟೂರಿನಲ್ಲಿ ಕಳೆಯಲು ಬಂದವರು ಇವರು. ಸೇವಾವಧಿಯ ಬಹುಭಾಗವನ್ನು ಕಂದಾಯ ಆಡಳಿತದಲ್ಲಿ ಕಳೆದು ಈಗ ಇಲ್ಲಿಯೇ ನೆಲೆಸಿರುವ ನನ್ನ ಬಳಿಗೆ ಇವರಲ್ಲಿ ಕೆಲವರು ಸಲಹೆ ಕೇಳಿಕೊಂಡು ಬರುವುದುಂಟು. ಧೂಳು, ಹಾರ್ನ್, ವಿದ್ಯುತ್ ಕಡಿತಗಳ ಬಗೆಗಿನ ದೂರು ಮೊದಲ ಕೆಲವು ತಿಂಗಳಷ್ಟೆ. ನಿಜವಾದ ತೊಡಕು ಅಲ್ಲಿಲ್ಲ.

ನನ್ನ ಸಹಪಾಠಿಯೊಬ್ಬರ ಉದಾಹರಣೆ ನೋಡಿ. ತಂದೆ ತೀರಿಕೊಂಡು ಎಷ್ಟೋ ವರ್ಷಗಳಾದರೂ ತೆಂಗಿನ ತೋಟ ಅವರ ಹೆಸರಿನಲ್ಲಿಯೇ ಉಳಿದಿತ್ತು. ಪೌತಿ ಖಾತೆಗೆ ಅರ್ಜಿ ಹಾಕಲು ಮರಣ ಪ್ರಮಾಣಪತ್ರ, ವಂಶವೃಕ್ಷ ಬೇಕು. ಇವರು ದೇಶ ಬಿಟ್ಟಾಗ ಪಹಣಿಯನ್ನು ಕೈಯಲ್ಲಿ ಬರೆಯುತ್ತಿದ್ದರು. ಈಗ ‘ಭೂಮಿ’ ಯೋಜನೆಯ ಕಂಪ್ಯೂಟರ್ ಅದನ್ನು ಕ್ಷಣದಲ್ಲಿ ಮುದ್ರಿಸಿ ಕೊಡುತ್ತದೆ. ಆದರೆ ಇವರು ಇಂಥವರ ಮಗ ಎಂದು ಹೇಳುವ ಬಾಯಿ ಕಂಪ್ಯೂಟರಿಗೆ ಇಲ್ಲ. ಸ್ಥಳ ವಿಚಾರಣೆಗೆ ಬಂದ ಸಿಬ್ಬಂದಿ ಊರಿನಲ್ಲಿ ನಿಮ್ಮನ್ನು ಬಲ್ಲ ಇಬ್ಬರನ್ನು ಕರೆಯಿರಿ ಎಂದಾಗ ಅವರು ತಬ್ಬಿಬ್ಬಾದರು. ತಂದೆಯ ಓರಗೆಯವರು ತೀರಿಕೊಂಡಿದ್ದರು. ಅವರ ಮಕ್ಕಳಿಗೆ ಇವರು ಯಾರೋ ಪರದೇಶದವರು. ಬ್ಯಾಂಕಿನಲ್ಲಿ ಸಾಕಷ್ಟು ಹಣವಿದ್ದ ಮನುಷ್ಯನಿಗೆ ಸ್ವಂತ ಊರಿನಲ್ಲಿ ಎರಡು ಸಹಿಗಳ ಬಡತನ!

ಅರ್ಥಶಾಸ್ತ್ರದಲ್ಲಿ ‘ಸಾಮಾಜಿಕ ಬಂಡವಾಳ’ ಎಂಬ ಮಾತಿದೆ. ಪರಸ್ಪರ ಪರಿಚಯ, ನಂಬಿಕೆ, ಆಗುಹೋಗುಗಳಲ್ಲಿ ಭಾಗಿಯಾಗುವುದು ಇವೆಲ್ಲ ಸೇರಿ ಆಗುವ ಆಸ್ತಿ ಅದು. ಇದನ್ನು ವಿದೇಶದಿಂದ ಬ್ಯಾಂಕಿನ ಮೂಲಕ ವರ್ಗಾಯಿಸಲು ಬರುವುದಿಲ್ಲ. ವಿಶ್ವಬ್ಯಾಂಕಿನ ಅಂದಾಜಿನಂತೆ 2024ರಲ್ಲಿ ಭಾರತಕ್ಕೆ ಹೊರದೇಶಗಳಿಂದ ಬಂದ ಹಣ ಸುಮಾರು 129 ಶತಕೋಟಿ ಡಾಲರ್. ಜಗತ್ತಿನಲ್ಲೇ ಅತಿ ಹೆಚ್ಚು. ಹಣದ ಆಗಮನವನ್ನು ಇಷ್ಟು ಶ್ರದ್ಧೆಯಿಂದ ಎಣಿಸುವ ನಾವು, ಅದನ್ನು ಕಳುಹಿಸಿದವರು ತಾವೇ ಬಂದು ನಿಂತಾಗ ಯಾವ ಸಿದ್ಧತೆಯನ್ನೂ ಮಾಡಿಕೊಂಡಿರುವುದಿಲ್ಲ.

ಕಾನೂನಿನ ಗೊಂದಲವೂ ಕಡಿಮೆಯದಲ್ಲ. ಕಾಯಂ ಆಗಿ ನೆಲೆಸುವ ಉದ್ದೇಶದಿಂದ ಮರಳಿದವನನ್ನು ವಿದೇಶಿ ವಿನಿಮಯ ಕಾನೂನು ಬಂದ ಕೂಡಲೇ ನಿವಾಸಿಯೆಂದು ಪರಿಗಣಿಸುತ್ತದೆ. ಅನಿವಾಸಿ ಖಾತೆಗಳನ್ನು ಬದಲಾಯಿಸಬೇಕಾಗುತ್ತದೆ. ಆದಾಯ ತೆರಿಗೆ ಕಾನೂನು ಉದ್ದೇಶವನ್ನು ಕೇಳದೆ ದಿನಗಳನ್ನು ಲೆಕ್ಕ ಹಾಕುತ್ತದೆ. ವಿದೇಶಿ ಪೌರತ್ವ ಪಡೆದವರಿಗೆ 2005ರಿಂದ ಸಾಗರೋತ್ತರ ಭಾರತೀಯ ಕಾರ್ಡ್ ವ್ಯಾಪಕವಾಗಿ ದೊರೆಯುತ್ತಿದೆಯಾದರೂ ಅದು ಮತದಾನದ ಹಕ್ಕನ್ನು ನೀಡುವುದಿಲ್ಲ. ಹೊರದೇಶದಲ್ಲಿದ್ದುಕೊಂಡು ಆ ಕಾರ್ಡಿನ ಬಲದಿಂದ ಬೇಲೂರಿನ ಕಾಫಿ ತೋಟವನ್ನಾಗಲಿ ಅರಸೀಕೆರೆಯ ತೆಂಗಿನ ತೋಟವನ್ನಾಗಲಿ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬಂದರೆ ಪಡೆಯಬಹುದು. ನಿಯಮಗಳಿಗೆ ಅವುಗಳದೇ ಕಾರಣಗಳಿರಬಹುದು. ಅವುಗಳನ್ನು ತಿಳಿಗನ್ನಡದಲ್ಲಿ ವಿವರಿಸುವವರು ಬೇಡವೆ? ತಿಳಿಸುವವರಿಲ್ಲದ ಕಡೆ ಮಧ್ಯವರ್ತಿಗಳು ಹುಟ್ಟಿಕೊಳ್ಳುತ್ತಾರೆ.

ನೆರೆಯ ಕೇರಳವು ಅನಿವಾಸಿಗಳಿಗಾಗಿಯೇ 1996ರಲ್ಲಿ ಪ್ರತ್ಯೇಕ ಇಲಾಖೆಯನ್ನು ತೆರೆಯಿತು. ಮರಳಿದವರು ಸ್ವಂತ ಉದ್ಯೋಗ ಆರಂಭಿಸಲು ಅಲ್ಲಿ ನೆರವಿನ ಯೋಜನೆಯಿದೆ. ನಮ್ಮಲ್ಲಿ ಹೊಸ ಇಲಾಖೆಯೇ ಬೇಕೆಂದಿಲ್ಲ. ಹೋಬಳಿ ಮಟ್ಟದಲ್ಲಿ ನಾಡಕಚೇರಿಗಳು ಈಗಾಗಲೇ ಇವೆ. ಪೌತಿ ಖಾತೆ, ಪಡಿತರ ಚೀಟಿ, ಮತದಾರರ ಪಟ್ಟಿ, ಆಧಾರ್ ವಿಳಾಸ ಬದಲಾವಣೆಗಳಿಗೆ ಏನೇನು ದಾಖಲೆ ಬೇಕೆಂದು ಒಂದೇ ಹಾಳೆಯಲ್ಲಿ ಮುದ್ರಿಸಿ ಅಲ್ಲಿ ಕೊಟ್ಟರೆ ಸಾಕು. ಬೆಂಗಳೂರಿನಲ್ಲಿ ದುಡಿದು ಊರಿಗೆ ಮರಳುವ ಕಾರ್ಮಿಕನಿಗೂ ಅದರಿಂದ ಉಪಕಾರವಾಗುತ್ತದೆ. ಅವನ ಕಷ್ಟವೂ ಇದೇ. ಅವನಲ್ಲಿ ಡಾಲರ್ ಇಲ್ಲ, ಅಷ್ಟೆ.

ಆದರೆ ಆ ಎರಡು ಸಹಿಗಳನ್ನು ಸರ್ಕಾರ ಕೊಡಲಾರದು. ಮರಳಿದವರೇ ಅವನ್ನು ಗಳಿಸಬೇಕು. ದಕ್ಷಿಣ ಆಫ್ರಿಕದಲ್ಲಿ ಎರಡು ದಶಕಗಳನ್ನು ಕಳೆದಿದ್ದ ಗಾಂಧೀಜಿ 1915ರ ಜನವರಿ 9ರಂದು ಮುಂಬಯಿಗೆ ಬಂದಿಳಿದಾಗ, ಒಂದು ವರ್ಷ ದೇಶವನ್ನು ಸುತ್ತಿ ನೋಡು, ಸಾರ್ವಜನಿಕ ವಿಷಯಗಳ ಬಗ್ಗೆ ಅಭಿಪ್ರಾಯ ಹೇಳಬೇಡ ಎಂಬ ಸಲಹೆ ಗೋಖಲೆಯವರಿಂದ ಬಂದಿತು. ಕೆಲವೇ ವಾರಗಳಲ್ಲಿ ಗೋಖಲೆ ತೀರಿಕೊಂಡರೂ ಗಾಂಧೀಜಿ ಆ ಮಾತನ್ನು ಉಳಿಸಿಕೊಂಡರು. ಆ ಜನವರಿ 9ನ್ನೇ ನಾವು 2003ರಿಂದ ಪ್ರವಾಸಿ ಭಾರತೀಯ ದಿವಸವೆಂದು ಆಚರಿಸುತ್ತ ಬಂದಿದ್ದೇವೆ. ಸಮಾರಂಭಗಳಲ್ಲಿ ಬಂಡವಾಳ ಹೂಡಿಕೆಯ ಮಾತು ಬೇಕಾದಷ್ಟು ಬರುತ್ತದೆ, ಗೋಖಲೆಯವರ ಸಲಹೆ ನೆನಪಿಗೆ ಬರುವುದು ಅಪರೂಪ. ‘ಅಲ್ಲಿ ಹೀಗಿರಲಿಲ್ಲ’ ಎಂಬ ಮಾತನ್ನು ಒಂದು ವರ್ಷ ನುಂಗಿಕೊಂಡು, ಗ್ರಾಮಸಭೆಯ ಹಿಂದಿನ ಸಾಲಿನಲ್ಲಿ ಕುಳಿತವರನ್ನು, ಕೊಬ್ಬರಿಯ ಧಾರಣೆ ವಿಚಾರಿಸಿದವರನ್ನು, ಊರಿನ ಮದುವೆಗೂ ಮಣ್ಣಿಗೂ ಹೋದವರನ್ನು ಯಾರೂ ಬಹಳ ಕಾಲ ಪರಕೀಯರೆಂದು ಎಣಿಸುವುದಿಲ್ಲ. ನನ್ನ ಸಹಪಾಠಿಗೆ ಕೊನೆಗೆ ಸಾಕ್ಷಿ ಹಾಕಿದವರು ತೋಟದ ಪಕ್ಕದ ರೈತರು. ಒಂದು ಬೇಸಿಗೆಯಿಡೀ ಬಾವಿಯ ನೀರನ್ನು ಹಂಚಿಕೊಂಡ ಬಳಿಕ.

ಬೇಲೂರು, ಹಳೇಬೀಡು ಎರಡೂ ಹೊಯ್ಸಳರವೇ. 2023ರಲ್ಲಿ ಎರಡೂ ದೇವಾಲಯಗಳು ಒಟ್ಟಿಗೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಬೇಲೂರಿನ ಚೆನ್ನಕೇಶವನಿಗೆ ಇಂದಿಗೂ ನಿತ್ಯಪೂಜೆ, ವರ್ಷಕ್ಕೊಮ್ಮೆ ರಥೋತ್ಸವ ನಡೆಯುತ್ತವೆ. ಹಳೇಬೀಡಿನ ಹೊಯ್ಸಳೇಶ್ವರ ಬಹುಮಟ್ಟಿಗೆ ನೋಡಿ ಹೋಗುವ ಸ್ಮಾರಕವಾಗಿದೆ. ತಾಯ್ನಾಡನ್ನೂ ಹೀಗೆ ಎರಡು ರೀತಿಯಲ್ಲಿ ಇಟ್ಟುಕೊಳ್ಳಬಹುದು. ನೋಡಿ ಹೋಗುವುದಾದರೆ ರಜೆಯ ಎರಡು ವಾರ ಸಾಕು. ಬಾಳುವುದಾದರೆ ಅದರ ನಿತ್ಯದ ಕೆಲಸಕ್ಕೆ ಕೈ ಹಚ್ಚಬೇಕು.