ಹಳೆಯ ತೊಟ್ಟಿಯನ್ನು ಒಡೆಯುವ ಮುನ್ನ

ಸತ್ಯಮಂಗಲದ ಗೆಳೆಯರೊಬ್ಬರ ಅಡಿಕೆ ತೋಟದಲ್ಲಿ ನೆಲದ ಮೇಲೆ ಕಟ್ಟಿದ ಹಳೆಯ ತೊಟ್ಟಿಯೊಂದಿದೆ. ಆರು ಮೀಟರ್ ಉದ್ದ, ಐದು ಮೀಟರ್ ಅಗಲ, ಒಂದೂವರೆ ಮೀಟರ್ ಎತ್ತರ. ಕೊಳವೆಬಾವಿಯ ನೀರು 45,000 ಲೀಟರ್ ಹಿಡಿಯುತ್ತದೆ. ಅದು ಸೋರಲಾರಂಭಿಸಿದಾಗ ಎಲ್ಲರ ಸಲಹೆಯೂ ಒಂದೇ: ಒಡೆದುಹಾಕಿ, ಪ್ಲಾಸ್ಟಿಕ್ ಹಾಸಿನ ಹೊಂಡ ಮಾಡಿಸಿ. ನಾನು ಒಪ್ಪಲಿಲ್ಲ.

ಮೊದಲು ಸೋರಿಕೆಯನ್ನು ಅಳೆಯಬೇಕು. ತೊಟ್ಟಿಯೊಳಗೆ ಕಲ್ಲಿನ ಮೇಲೆ ನೀರು ತುಂಬಿದ ಬಕೆಟ್ ಇರಿಸಿ, ಎರಡರ ಮಟ್ಟವನ್ನೂ ಗುರುತು ಮಾಡಿ, ಒಂದು ದಿನ ಪಂಪು ನಿಲ್ಲಿಸಿ ವಾಲ್ವು ಮುಚ್ಚಿದೆವು. ಬಕೆಟ್ಟಿನಲ್ಲಿ 5 ಮಿಲಿಮೀಟರ್, ತೊಟ್ಟಿಯಲ್ಲಿ 25 ಮಿಲಿಮೀಟರ್ ಇಳಿದಿತ್ತು. ಬಕೆಟ್ಟಿನಷ್ಟು ಬಿಸಿಲು ಕುಡಿದದ್ದು. ಉಳಿದ 20 ಮಿಲಿಮೀಟರ್, ಅಂದರೆ ದಿನಕ್ಕೆ 600 ಲೀಟರ್, ಸೋರಿದ್ದು. ಹಾಗೆಯೇ ಇಳಿಯಲು ಬಿಟ್ಟರೆ ಬಿರುಕಿನ ಎತ್ತರಕ್ಕೆ ಬಂದು ನೀರು ತಾನೇ ನಿಲ್ಲುತ್ತದೆ. ಇಲ್ಲಿ ಮೂಲೆಯ ಸಂದಿನ ಬಳಿ ನಿಂತಿತು. ಬಿರುಕನ್ನು ಅಗಲಿಸಿ, ನೆನೆಸಿ, ಒಂದಕ್ಕೆ ಮೂರರ ಸಿಮೆಂಟ್ ಗಾರೆ ತುಂಬಿ, ವಾರವಿಡೀ ಒದ್ದೆಯಾಗಿ ಇಟ್ಟದ್ದೇ ಸಾಕಾಯಿತು.

ಗೋಡೆ ಹೊರಕ್ಕೆ ಉಬ್ಬಿದ್ದರೆ, ಪಾಯ ಕುಸಿದಿದ್ದರೆ ಮಾತು ಬೇರೆ. ಒಳಗಿರುವುದು 45 ಟನ್ ಭಾರ. ಅಲ್ಲಿ ಜಿಪುಣತನ ಸಲ್ಲದು. ಮಕ್ಕಳು ಆಡುವುದು ಆ ಗೋಡೆಯ ನೆರಳಿನಲ್ಲೇ.

ಪ್ಲಾಸ್ಟಿಕ್ ಹಾಸಿಗೂ ಮುಪ್ಪುಂಟು. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯ ಮೊದಲ ಹೊಂಡಗಳಿಗೆ ಈಗ ಹತ್ತು ವರ್ಷ ದಾಟಿದೆ. ನೀರಿನ ಮಟ್ಟದ ಮೇಲೆ ಬಿಸಿಲಿಗೆ ಬಿದ್ದ ಅಂಚು ಮೊದಲು ಹಾಳಾಗುತ್ತದೆ. ಅದನ್ನು ಮಡಚಿ ನೋಡಿ: ಮೆದುವಾಗಿ ಬಾಗಿದರೆ ತೇಪೆ ಹಾಕಬಹುದು, ಮಡಿಕೆಯಲ್ಲಿ ಸೀಳಿದರೆ ಬದಲಿಸಲೇಬೇಕು. ಕಿತ್ತ ಹಾಸನ್ನು ಬದುವಿನಲ್ಲೇ ಸುಡುವವರನ್ನು ಕಂಡಿದ್ದೇನೆ. ಹೊಂಡದ ಖರ್ಚು ಹೇಳುವಾಗ ಆ ಹೊಗೆಯನ್ನು ಯಾರೂ ಸೇರಿಸುವುದಿಲ್ಲ.

ಬರುವ ಬೇಸಿಗೆಗೆ ಗೆಳೆಯರ ತೊಟ್ಟಿಯಲ್ಲಿ ಮತ್ತೊಮ್ಮೆ ಬಕೆಟ್ ಇಡುವವರಿದ್ದೇವೆ.